ಕಂಡಕ್ಟರ್ ಜ್ಞಾನದೇವನ ಮಗಳ ಹನ್ನೆರಡನೇ ಮದುವೆ

ಅಂಕಲಿಯ ಕಂಡಕ್ಟರ್ ಜ್ಞಾನದೇವನಿಗೆ ಮೂವರು ಗಂಡುಮಕ್ಕಳು, ಹೆಣ್ಣುಮಕ್ಕಳಿಲ್ಲ. ಇದು ಊರಿಗೆಲ್ಲ ಗೊತ್ತಿರುವ ವಿಷಯ. ಆದರೂ ಪ್ರತಿ ವರ್ಷ ದೀಪಾವಳಿ ಮುಗಿದು ವಾರವಾಗುತ್ತಲೇ ಅವನು ಇಸ್ತ್ರಿ ಮಾಡಿದ ಬಿಳಿ ಟೋಪಿ ಹಾಕಿಕೊಂಡು, ಅಕ್ಷತೆಯ ಬಟ್ಟಲು ಹಿಡಿದು ಓಣಿಯ ಮನೆಮನೆಗೂ ಹೋಗುತ್ತಾನೆ.

"ದ್ವಾದಶಿ ದಿನ ಸಂಜೀಕ ನಮ್ಮ ಮಗಳ ಲಗ್ನ ಐತ್ರಿ. ಎಲ್ಲಾರೂ ಕೂಡಿ ಬರಬೇಕು."

ಯಾರೂ ನಗುವುದಿಲ್ಲ. ಹೊಸದಾಗಿ ಬಂದ ಸೊಸೆ ಯಾರಾದರೂ "ಯಾವ ಮಗಳ್ರಿ?" ಎಂದು ಬಾಯಿ ತೆರೆದರೆ ಅತ್ತೆ ಅವಳ ಪಕ್ಕೆ ತಿವಿದು, "ಅಕ್ಷತಿ ತಗೋ, ಸುಮ್ಮನ" ಎನ್ನುತ್ತಾಳೆ. ಮಗಳೇನೂ ಎಲ್ಲೋ ಅಡಗಿ ಕೂತಿಲ್ಲ. ಜ್ಞಾನದೇವನ ಅಂಗಳದ ಕಟ್ಟೆಯಲ್ಲೇ ಬೇರೂರಿ ನಿಂತಿದ್ದಾಳೆ. ತುಳಸಿ.

ಜ್ಞಾನದೇವ ಚಿಕ್ಕೋಡಿ ಡಿಪೋದಲ್ಲಿ ಮೂವತ್ತೊಂದು ವರ್ಷ ಕಂಡಕ್ಟರನಾಗಿದ್ದವನು. ರಾಯಬಾಗ, ಅಥಣಿ, ಕಾಗವಾಡ, ನಿಪ್ಪಾಣಿ, ಯಾವ ದಾರಿಗೆ ಹೋದರೂ ಲಗ್ನದ ದಿನಗಳಲ್ಲಿ ಅವನ ಬಸ್ಸಿಗೆ ಒಬ್ಬಳಾದರೂ ಮದುಮಗಳು ಹತ್ತುತ್ತಿದ್ದಳು. ಕೆಳಗೆ ಅವಳ ಅಪ್ಪ ಕಿಟಕಿಯ ಸರಳು ಹಿಡಿದು ನಿಂತಿರುತ್ತಿದ್ದ. ಬಿಡು ಎಂದರೆ ಬಿಡುತ್ತಿರಲಿಲ್ಲ. ಡ್ರೈವರ್ ಹಾರ್ನ್ ಒತ್ತುತ್ತಿದ್ದ. ಜ್ಞಾನದೇವ ಮಾತ್ರ, "ಹೋಲ್ಡಾನ್! ಅಳೂದ ಮುಗೀಲಿ" ಎಂದು ಎರಡು ನಿಮಿಷ ಬಸ್ಸು ತಡೆಯುತ್ತಿದ್ದ. ಕಡೆಗೆ ತಾನೇ "ರೈಟ್" ಅನ್ನುತ್ತಿದ್ದ. ಹಾಗೆ ಅವನು ಗಂಡನ ಮನೆಗೆ ಕಳಿಸಿಕೊಟ್ಟ ಹೆಣ್ಣುಮಕ್ಕಳು ನೂರಾರು. ಒಬ್ಬಳೂ ಅವನ ಮಗಳಲ್ಲ.

ಅವನು ಮಗಳಿಗಾಗಿ ಕಾಯಲಿಲ್ಲವೆಂದಲ್ಲ. ಸುಧೀರ ಹುಟ್ಟಿದ, ಸಂಗ್ರಾಮ ಹುಟ್ಟಿದ. ಮೂರನೆಯದು ಹೆಣ್ಣೇ ಎಂದು ನಿಪ್ಪಾಣಿ ಪೇಟೆಯಲ್ಲಿ ಮೊದಲೇ ಒಂದು ಗುಲಾಬಿ ಫ್ರಾಕು ತಂದಿಟ್ಟ. ಅಮಿತ ಹುಟ್ಟಿದ. ಫ್ರಾಕು ಸುಮ್ಮನೆ ಹೋಗಬಾರದೆಂದು ಅದನ್ನೇ ಅವನಿಗೆ ತೊಡಿಸಿ, ಎರಡು ಜುಟ್ಟು ಕಟ್ಟಿ ಫೋಟೋ ತೆಗೆಸಿದ. ಅಮಿತ ಈಗ ಮೀಸೆ ಬಿಟ್ಟು ಮಿಲಿಟರಿಯಲ್ಲಿದ್ದಾನೆ. ರಜೆಗೆ ಬಂದಾಗಲೆಲ್ಲ ಮೊದಲು ಆ ಫೋಟೋ ತಿರುಗಿಸಿಟ್ಟು ಆಮೇಲೆ ಬೂಟು ಬಿಚ್ಚುತ್ತಾನೆ.

ನಿವೃತ್ತನಾದ ವರ್ಷ ಜ್ಞಾನದೇವ ಮಾರುತಿ ಗುಡಿಯ ಭಟ್ಟರ ಮುಂದೆ ಕೂತು ತನ್ನ ಕೊರಗು ಹೇಳಿಕೊಂಡ. ಕನ್ಯಾದಾನ ಮಾಡದೆ ಈ ಜನ್ಮ ಹಾಗೇ ಹೋಗುವುದೇ ಎಂದು ಕೇಳಿದ.

"ತುಳಸಿನ್ನ ಮಗಳು ಅಂತ ತಿಳದು ಕೃಷ್ಣಗ ಧಾರಿ ಎರದು ಕೊಡ್ರಿ," ಎಂದರು ಭಟ್ಟರು. "ಒಂದು ತಪ ಮಾಡ್ರಿ. ತಪ ಅಂದ್ರ ಹನ್ನೆರಡು ವರ್ಷ. ಒಂದೂ ವರ್ಷ ತಪ್ಪಬಾರ್ದು. ಖರೇ ಮಗಳನ್ನ ಕೊಟ್ಟಷ್ಟ ಪುಣ್ಯ ಐತಿ."

ಕಂಡಕ್ಟರನಿಗೆ ಇಷ್ಟು ಸ್ಪಷ್ಟವಾಗಿ ಹೇಳಿದರೆ ಸಾಕು. ಅವನು ಆ ವರ್ಷವೇ ತುಳಸಿ ನೆಟ್ಟು, ವರ ಹುಡುಕಲು ಹೊರಟ.

ವರ ಎದುರು ಮನೆಯಲ್ಲೇ ಸಿಕ್ಕ. ಬಾಬಾಸಾಹೇಬ ಕಬ್ಬಿನ ತೋಟದ ರೈತ, ಜ್ಞಾನದೇವನ ಚಡ್ಡಿ ದೋಸ್ತ. ಮೂವತ್ತು ವರ್ಷದಿಂದ ಜ್ಞಾನದೇವನ ಬೆಳಗಿನ ಮೊದಲ ಚಹಾ ಅವರ ಮನೆಯಲ್ಲೇ. ಅವರ ದೇವರ ಜಗಲಿಯ ಮೇಲೆ ಹಿತ್ತಾಳೆಯ ಬಾಲಕೃಷ್ಣ ಇದ್ದ. ಮೂರು ಬೆರಳು ಎತ್ತರ. ವರ ಇನ್ನೂ ಅಂಬೆಗಾಲಿಡುತ್ತಿದ್ದ, ಕೈಯಲ್ಲಿ ಬೆಣ್ಣೆ ಮುದ್ದೆ ಇತ್ತು. ಆದರೆ ಮನೆತನ ದೊಡ್ಡದು.

ಮೊದಲ ವರ್ಷ ಎಲ್ಲ ನಗುನಗುತ್ತ ನಡೆಯಿತು. ಕಟ್ಟೆಯ ನಾಲ್ಕು ಮೂಲೆಗೆ ಕಬ್ಬು ನಿಲ್ಲಿಸಿದರು, ನೆಲ್ಲಿಕಾಯಿ, ಹುಣಸೆ, ಬಾರಿಹಣ್ಣು ಇಟ್ಟರು, ಅಂತರಪಟ ಹಿಡಿದು ಅಕ್ಷತೆ ಹಾಕಿದರು, ಚುರುಮುರಿ ಹಂಚಿದರು. ಎರಡನೆಯ ವರ್ಷದಿಂದ ಬಾಬಾಸಾಹೇಬನ ಹೆಂಡತಿ ಅಕ್ಕವ್ವ ನಿಜವಾದ ಬೀಗಿತಿಯಾದಳು. ಮೂರನೆಯ ವರ್ಷ ಚಹಾಕ್ಕೆ ಶುಂಠಿ ಹಾಕಿರಲಿಲ್ಲವೆಂದು ಮುನಿಸಿಕೊಂಡಳು. ಐದನೆಯ ವರ್ಷ ಗಂಡಿನ ಕಡೆಯವರಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದರೆಂದು ನಿಂತೇ ಇದ್ದಳು. ಎಂಟನೆಯ ವರ್ಷ, "ವರಗ ಟೋಪಿ ಇಲ್ಲೇನು? ಬರಿ ತಲಿ ಮ್ಯಾಲ ಅಕ್ಷತಿ ಹಾಕಸ್ಕೋಬೇಕೇನು?" ಎಂದು ಕೇಳಿದಳು. ಜ್ಞಾನದೇವನ ಹೆಂಡತಿ ಸುಂದ್ರವ್ವ ತನ್ನ ಸೀರೆಯ ಜರಿ ಕತ್ತರಿಸಿ ಒಂದು ಟೋಪಿ ಹೊಲಿದಳು. ಅದು ವರನ ಮೂಗಿನ ತನಕ ಇಳಿದು, ಅವನು ಮದುವೆಯುದ್ದಕ್ಕೂ ಏನೂ ಕಾಣದೆ ಕೂತ.

ಪ್ರತಿ ವರ್ಷ ಎಲ್ಲ ಮುಗಿದ ಮೇಲೆ ಅಕ್ಕವ್ವ ವರನನ್ನು ಸೆರಗಿನಲ್ಲಿ ಎತ್ತಿಕೊಂಡು ಓಣಿ ದಾಟುತ್ತಿದ್ದಳು. ನಡುದಾರಿಯಲ್ಲಿ ನಿಂತು ತುಳಸಿಯ ಕಡೆಗೊಮ್ಮೆ ತಿರುಗಿ ನೋಡುತ್ತಿದ್ದಳು. "ಹೂಂ" ಎಂದು ಉಸಿರು ಬಿಟ್ಟು ಒಳಗೆ ಹೋಗುತ್ತಿದ್ದಳು. ಆ "ಹೂಂ" ಏನೆಂದು ಹನ್ನೊಂದು ವರ್ಷ ಯಾರೂ ಕೇಳಲಿಲ್ಲ. ಬೀಗಿತಿಯ ಬಾಯಿಂದ ಬರಬೇಕಾದದ್ದೇ ಬೇಕಾದಷ್ಟು ಬರುತ್ತಿರುವಾಗ, ಬಾರದ್ದನ್ನು ಯಾರು ಕೇಳುತ್ತಾರೆ?

ಈ ವರ್ಷದ್ದು ಹನ್ನೆರಡನೆಯ ಮದುವೆ. ತಪ ಪೂರ್ತಿಯಾಗುವ ವರ್ಷ.

ನರಕ ಚತುರ್ದಶಿಯ ಬೆಳಗಿನ ಜಾವ ಮನೆಯ ಎಲ್ಲರಿಗೂ ಅಭ್ಯಂಗ ಸ್ನಾನವಾಯಿತು. ಮೈತುಂಬ ಎಣ್ಣೆ, ಮೇಲೆ ಪರಿಮಳದ ಉಟಣೆ ಪುಡಿ, ಆಮೇಲೆ ನೀರು ಕಾಯಿಸುವ ತಾಮ್ರದ ಬಂಬದಿಂದ ಬಿಸಿ ಬಿಸಿ ನೀರು. ಜ್ಞಾನದೇವ ಮೈ ಒರೆಸಿಕೊಂಡು ಅಂಗಳಕ್ಕೆ ಬಂದ. ಕೃಷ್ಣೆಯ ಕಡೆಯಿಂದ ಥಂಡಿ ಗಾಳಿ ಬೀಸುತ್ತಿತ್ತು. ತುಳಸಿ ಇಬ್ಬನಿಯಲ್ಲಿ ನೆನೆದು ನಡುಗುತ್ತಿದ್ದಂತೆ ಅವನಿಗೆ ಕಂಡಿತು. ಗಂಡುಮಕ್ಕಳಿಗೆಲ್ಲ ಎಣ್ಣೆ ನೀರಾಯಿತು. ಮದುವೆಯಾಗಿ ಹೋಗುವ ಮಗಳು ಮಾತ್ರ ಹಬ್ಬದ ದಿನ ತಣ್ಣೀರಿನಲ್ಲೇ ನಿಂತಿದ್ದಾಳೆ!

ಅವನು ಬುಡಕ್ಕೆ ಎಣ್ಣೆ ಹಚ್ಚಿದ. ಉಟಣೆ ಉದುರಿಸಿದ. ಬಂಬದಿಂದ ಒಂದು ಕೊಡ ನೀರು ತಂದು, ಬೆರಳದ್ದಿ ನೋಡಿ, "ಹದಾ ಐತಿ" ಎಂದುಕೊಂಡ. ಮೂವತ್ತೊಂದು ಬೇಸಿಗೆ ಬಸ್ಸಿನ ಕಾದ ಕಂಬಿ ಹಿಡಿದ ಕೈ ಅದು. ಆ ಕೈಗೆ ಹದವೆನಿಸಿದ್ದನ್ನು ಅವನು ಮಗಳ ಮೇಲೆ ನಿಧಾನವಾಗಿ, ಪ್ರೀತಿಯಿಂದ, ಒಂದು ಹನಿ ಉಳಿಸದೆ ಸುರಿದ.

ಮೂರನೆಯ ದಿನ ಎಲೆ ಬಾಗಿದವು. ಐದನೆಯ ದಿನ ಉದುರಿದವು. ಏಳನೆಯ ದಿನ ಕಟ್ಟೆಯಲ್ಲಿ ಕಡ್ಡಿ ಮಾತ್ರ ಉಳಿಯಿತು.

ಜ್ಞಾನದೇವ ಸುಂದ್ರವ್ವನ ಹಳೆಯ ಹಸಿರು ಸೀರೆ ತಂದು ತುಳಸಿಗೆ ಮುಸುಕು ಹಾಕಿದ. ಎದುರು ಮನೆಯ ಬಾಗಿಲಲ್ಲಿ ಅಕ್ಕವ್ವ ನಿಂತಿದ್ದಳು.

"ಏನ್ರಿ ಬೀಗರ, ಹುಡುಗೀನ್ಯಾಕ ಮುಚ್ಚೀರಿ?"

"ಮದುವಿ ಹುಡುಗಿ ಅಲ್ರೀ ವೈನಿ. ದೃಷ್ಟಿ ಆಗ್ತೈತಿ."

"ಹನ್ನೊಂದು ಸಲ ಆಗಲಾರದ್ದು ಈಗ ಆಗ್ತೈತೇನು?"

"ಈ ಸಲ ಭಾಳ ಚಂದ ಕಾಣಾಕತ್ತಾಳ್ರಿ," ಎಂದ ಜ್ಞಾನದೇವ. ಮೂವತ್ತೊಂದು ವರ್ಷ ಒಂದು ಟಿಕೆಟ್ಟಿಗೂ ಸುಳ್ಳು ಹೇಳದವನು ಬೆವರಿಬಿಟ್ಟ.

ಸುಂದ್ರವ್ವನ ಕಣ್ಣಿಗೆ ಮುಸುಕು ಹಾಕಲಾಗಲಿಲ್ಲ. ಸಂಜೆ ದೀಪ ಹಚ್ಚಲು ಬಂದವಳು ಸೀರೆ ಎತ್ತಿ ನೋಡಿದಳು. ಕಟ್ಟೆಯ ಮಣ್ಣು ಮೂಸಿದಳು.

"ಏನ್ರೀ, ಇಲ್ಲಿ ಉಟಣಿ ವಾಸನಿ ಯಾಕ ಬರ್ತೈತಿ?"

ಜ್ಞಾನದೇವ ಸೀರೆಯನ್ನು ಮತ್ತೆ ತುಳಸಿಯ ಮೇಲೆ ಎಳೆದ.

"ಏನ್ ಮಾಡೀರಿ, ಬೊಗಳ್ರಿ."

"ಅಭ್ಯಂಗ."

"ಯಾರಿಗಿ?"

"ಮಗಳಿಗಿ."

ಸುಂದ್ರವ್ವ ಕಟ್ಟೆಯ ಮೇಲೆ ಕುಸಿದು ಕೂತಳು. "ಯಪ್ಪಾ! ಮೂರು ಗಂಡಹುಡುಗರನ್ನ ನಾ ನಿಮ್ಮ ಕೈಯಾಗ ಕೊಡಲಾರದ ಸಾಕೇನಿ ಅಂತ ಅವು ಉಳದಾವು!"

ಮರುದಿನ ಅವನು ಒಂದು ಕಡ್ಡಿ ಮುರಿದು ಪೇಪರಿನಲ್ಲಿ ಸುತ್ತಿಕೊಂಡು ಶಾಂತಿನಾಥನ ಅಂಗಡಿಗೆ ಹೋದ. ಗೊಬ್ಬರ, ಬೀಜ, ಔಷಧ ಮಾರುವ ಅಂಗಡಿ ಅದು. ಕಬ್ಬಿಗೆ ಬಂದ ಯಾವ ರೋಗವನ್ನಾದರೂ ಶಾಂತಿನಾಥ ಎಲೆ ನೋಡಿಯೇ ಹೇಳುತ್ತಿದ್ದ. ಅವನು ಕಡ್ಡಿಯನ್ನು ಉಗುರಿನಿಂದ ಕೆರೆದು ನೋಡಿದ.

"ಕಾಕಾ, ಇದು ರೋಗ ಅಲ್ಲ. ಇದು ಬೆಂದೈತಿ. ಉಪ್ಪು ಖಾರ ಹಾಕಿದ್ರ ಪಲ್ಯಾ ಆಗತಿತ್ತು."

"ಔಷಧ?"

"ಬೆಂದದ್ದಕ್ಕ ಎಲ್ಲೀ ಔಷಧ ಕಾಕಾ? ಕಬ್ಬೂರ ನರ್ಸರಿಯಿಂದ ತುಳಸಿ ಅಗಿ ಬಂದಾವ. ಒಂದಕ್ಕ ಇಪ್ಪತ್ತು ರೂಪಾಯಿ. ಒಯ್ದು ಹಚ್ಚಿಬಿಡ್ರಿ, ಯಾರಿಗಿ ಗೊತ್ತಾಗ್ತೈತಿ?"

"ಮಗಳು ಸತ್ತಳು ಅಂದ್ರ ಇಪ್ಪತ್ತು ರೂಪಾಯಿಗೆ ಇನ್ನೊಂದು ಒಯ್ಯಿ ಅಂತಿಯೇನಲೇ?" ಎಂದು ಜ್ಞಾನದೇವ ಎದ್ದು ಬಂದ. ಬಂದನಾದರೂ ಮಾರುತಿ ಗುಡಿಯ ಹತ್ತಿರ ಅವನ ಕಾಲು ನಿಂತವು. ಇಪ್ಪತ್ತು ರೂಪಾಯಿಯ ತುಳಸಿ ನಡೆಯುತ್ತದೋ ಇಲ್ಲವೋ ಕೇಳಿಬಿಡುವುದು ಒಳ್ಳೆಯದು.

"ಭಟ್ಟರ, ಸತ್ತಮ್ಯಾಲ ಜೀವ ಎಲ್ಲಿ ಹೋಗ್ತೈತ್ರಿ?"

ಭಟ್ಟರು ಗಾಬರಿಯಾದರು. "ಯಾಕ್ರಿ, ಯಾರಿಗೇನಾತು?"

"ಸುಮ್ನ ಕೇಳ್ದೆ."

ಭಟ್ಟರು ಕಂಡಕ್ಟರನಿಗೆ ತಿಳಿಯುವ ಹಾಗೆ ಹೇಳಿದರು. "ಜೀವಕ್ಕ ಸಾವಿಲ್ರಿ. ಒಂದು ಬಸ್ ಕೆಟ್ಟು ನಿಂತ್ರ ಪ್ಯಾಸೆಂಜರ್ ಏನ್ ಮಾಡ್ತಾನ? ಇಳದು ಇನ್ನೊಂದು ಬಸ್ ಹತ್ತತಾನ. ದೇಹ ಅಂದ್ರ ಬಸ್."

"ಯಾವ ಬಸ್ ಹತ್ಯಾಳ ಅಂತ ಗೊತ್ತಾಗೂದು ಹೆಂಗ?"

"ಅದು ಕರ್ಮದ ಮ್ಯಾಲ. ಟಿಕೆಟ್ ಎಲ್ಲೀದು ಇರತೈತಿ ಅಲ್ಲಿಗೇ..." ಭಟ್ಟರು ನಿಲ್ಲಿಸಿದರು. "ಹತ್ಯಾಳ? ಯಾರು?"

ಜ್ಞಾನದೇವ ಎಲ್ಲ ಹೇಳಿದ. ಬಿಸಿನೀರಿನ ಮಾತು ಬಂದಾಗ ಭಟ್ಟರು ಹೆಗಲ ಮೇಲಿನ ಉಪರಣೆಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡರು. ಭುಜಗಳು ಅಲುಗಾಡಿದ್ದು ದುಃಖಕ್ಕೋ ನಗುವಿಗೋ ತಿಳಿಯಲಿಲ್ಲ. ಆಮೇಲೆ ಗಂಟಲು ಸರಿಮಾಡಿಕೊಂಡು ತೀರ್ಪು ಹೇಳಿದರು. ಪೇಟೆಯಿಂದ ತಂದ ತುಳಸಿ ಬೇರೆ ಮಗಳು. ಅವಳಿಗೆ ಲೆಕ್ಕ ಮತ್ತೆ ಒಂದರಿಂದಲೇ. ಆದರೆ ಸತ್ತವಳ ಬೀಜದಿಂದ ಹುಟ್ಟಿದ ಸಸಿ ಎಲ್ಲಿಯಾದರೂ ಇದ್ದರೆ, ಅದರೊಳಗೆ ಅವಳೇ ಇದ್ದಾಳೆ ಎಂದು ತಿಳಿಯಬಹುದು.

ಜ್ಞಾನದೇವನಿಗೆ ಈಗ ಅರವತ್ತೊಂಬತ್ತು. ಮತ್ತೆ ಒಂದರಿಂದ ಎಂದರೆ ಎಂಬತ್ತು ಮುಟ್ಟಬೇಕು. ದ್ವಾದಶಿಗೆ ಐದೇ ದಿನ ಉಳಿದಿತ್ತು.

ಅವನು ಓಣಿಯ ಒಂದೊಂದು ಅಂಗಳಕ್ಕೂ ಹೋಗಿ ತುಳಸಿ ಕಟ್ಟೆ ಇಣುಕಿದ. ಸಾವಕ್ಕನ ಮನೆಯ ತುಳಸಿ ಮುಗಳಖೋಡದ ತವರಿನಿಂದ ಬಂದದ್ದು. ಕಾಂಚನಳ ಮನೆಯದು ಶಾಂತಿನಾಥನ ಅಂಗಡಿಯದು. ಯಾರ ಮನೆಯಲ್ಲೂ ತನ್ನ ಮಗಳ ಸುಳಿವಿಲ್ಲ. ಏಕಾದಶಿಯ ಬೆಳಿಗ್ಗೆ ಸೋತು ಬಾಬಾಸಾಹೇಬನ ಮನೆಗೆ ಚಹಾಕ್ಕೆ ಹೋದ. ಕಾಲು ತೊಳೆಯಲೆಂದು ಹಿತ್ತಲಿಗೆ ಹೋದವನು ಅಲ್ಲೇ ನಿಂತುಬಿಟ್ಟ. ಬಟ್ಟೆ ಒಗೆಯುವ ಕಲ್ಲಿನ ಬದಿಯಲ್ಲಿ, ಗೇಣುದ್ದದ ಒಂದು ತುಳಸಿ ಸಸಿ. ಅದೇ ಸಣ್ಣ ಎಲೆ, ಅದೇ ಕೆಂಪು ಛಾಯೆಯ ದಂಟು. ಕಳೆದ ವರ್ಷ ವರನ ಕೊರಳಿಗೆ ಹಾಕಿದ್ದ ಮಾಲೆಯನ್ನು ಅಕ್ಕವ್ವ ಅಲ್ಲೇ ಹಾಕಿರಬೇಕು. ಅದರಲ್ಲಿ ಕಟ್ಟಿದ್ದ ಅವನ ಕಟ್ಟೆಯ ತುಳಸಿಯ ತೆನೆ ಮಳೆಗಾಲಕ್ಕೆ ಮೊಳೆತಿತ್ತು.

ಚಹಾ ಅರ್ಧಕ್ಕೇ ಬಿಟ್ಟು ಎದ್ದ. ಕೇಳಬೇಕೆಂದರೆ ಮಗಳನ್ನು ಬೇಯಿಸಿದ್ದನ್ನು ಬೀಗರ ಮುಂದೆ ಹೇಳಬೇಕು. ಹೇಳಿದರೆ ಅಕ್ಕವ್ವ ಅದನ್ನು ಮುಂದಿನ ಇಪ್ಪತ್ತು ವರ್ಷ ಆಡಿಕೊಳ್ಳುತ್ತಾಳೆ. ಜ್ಞಾನದೇವ ಬಹಳ ಯೋಚಿಸಿ, ಮಾನವಂತನಿಗೆ ಉಳಿದಿರುವ ಒಂದೇ ದಾರಿ ಕಳ್ಳತನ ಎಂಬ ತೀರ್ಮಾನಕ್ಕೆ ಬಂದ.

ಮಧ್ಯಾಹ್ನ ಉಪವಾಸದ ಸಾಬೂದಾಣೆ ತಿಂದು ಓಣಿಯೆಲ್ಲ ಮಲಗಿತ್ತು. ಜ್ಞಾನದೇವ ಕಳೆ ಕೀಳುವ ಖುರಪಿ ಹಿಡಿದು ಬೀಗರ ಹಿತ್ತಲಿಗೆ ನುಗ್ಗಿದ. ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಇನ್ನೇನು ಮಣ್ಣಿಗೆ ಖುರಪಿ ಹಾಕಬೇಕು, ಬೆನ್ನ ಹಿಂದೆ ಮಾತು ಕೇಳಿತು.

"ಯಾಕ್ರಿ ಬೀಗರ, ನಮ್ಮ ಅರಿಬಿ ಒಗ್ಯಾಕ ಬಂದೀರೇನು? ಸಾಬಾಣ ಕೊಡ್ಲಿ?"

ಅಕ್ಕವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಜ್ಞಾನದೇವ ಎದ್ದು ನಿಂತ. ಖುರಪಿಯನ್ನು ಬೆನ್ನ ಹಿಂದೆ ಹಿಡಿದ. ಅವಳ ಮುಖ ನೋಡಿದ. ಒಮ್ಮೆಲೇ ಅವನ ಕಣ್ಣು ತುಂಬಿ ಬಂದವು.

"ವೈನಿ, ನಮ್ಮ ಮಗಳು ಹೋದಳ್ರಿ. ನನ್ನ ಕೈಯಾರೆ ಹೋದಳು."

ಅರ್ಧ ಗಂಟೆಯಲ್ಲಿ ಬಾಬಾಸಾಹೇಬ ನಿದ್ದೆಯಿಂದೆದ್ದು ಬಂದ. ಸುಂದ್ರವ್ವ ಬಂದಳು. ಭಟ್ಟರನ್ನು ಕರೆಸಿದರು. ಒಗೆಯುವ ಕಲ್ಲಿನ ಸುತ್ತ ಪಂಚಾಯಿತಿ ಕೂತಿತು. ಎಲ್ಲ ಕೇಳಿ ಬಾಬಾಸಾಹೇಬ ತಲೆ ಕೆರೆದುಕೊಂಡ.

"ಅಲ್ಲಲೇ ಜ್ಞಾನ್ಯಾ, ಸಸಿ ಒಯ್ಯಿ, ಬ್ಯಾಡ ಅಂದವರ್ಯಾರು? ಆದ್ರ ನಮ್ಮ ಹಿತ್ತಲದಾಗ ಹುಟ್ಟಿದ್ದು ನಮ್ಮ ಹುಡುಗಿ. ನಮ್ಮ ಹುಡುಗೀನ್ನ ನಮ್ಮ ಹುಡುಗಗ ಕೊಡೂದು ಹೆಂಗಪಾ?"

ಭಟ್ಟರು ಬೆರಳು ಎಣಿಸತೊಡಗಿದರು. "ತಾಯಿ ತುಳಸಿ. ಬೀಜ ತುಳಸೀದು. ಬೆಳದದ್ದು ಗಂಡಿನ ಮನ್ಯಾಗ. ಅಂದ್ರ ಜ್ಞಾನದೇವಗ ಮೊಮ್ಮಗಳು. ಮತ್ತ ವರಗ..." ಮೂರನೆಯ ಬೆರಳಿಗೆ ಬಂದು ಕೈ ಮಡಚಿಬಿಟ್ಟರು. "ಇದು ಅಡಚಣಿ ಐತಿ."

"ಬಸ್ಸಿನ್ಯಾಗಿನ ಪ್ಯಾಸೆಂಜರ್ ಅಕಿನೇ ಅಂದಿದ್ರೆಲ್ರಿ?" ಎಂದ ಜ್ಞಾನದೇವ ದೀನನಾಗಿ.

"ಪ್ಯಾಸೆಂಜರ್ ಅಕಿನೇ. ಆದ್ರ ಬಸ್ ಈಗ ಬ್ಯಾರೆ ಡಿಪೋದ್ದು."

"ಸಾಕು ಮಾಡ್ರಿ ನಿಮ್ಮ ಬಸ್!" ಎಂದಳು ಅಕ್ಕವ್ವ. ಹನ್ನೊಂದು ವರ್ಷದ "ಹೂಂ" ಬಾಯಿ ಬಿಟ್ಟಿತು.

"ಬೀಗರ, ನಾ ಒಂದು ಕೇಳ್ತೀನಿ. ಹನ್ನೊಂದು ಸಲ ಧಾರಿ ಎರದ್ರಿ. ಹನ್ನೊಂದು ಸಲ ಗಂಡಿನವರು ಚಹಾ ಕುಡದು ಬರಿಗೈಲೆ ಎದ್ದು ಬಂದ್ವಿ. ಯಾವ ಅಪ್ಪ ಮಗಳ ಲಗ್ನಾ ಮಾಡಿ ಮಗಳನ್ನ ತನ್ನ ಅಂಗಳದಾಗ ಇಟ್ಕೋತಾನ? ಓಣಿ ದಾಟಸಾಕ ನಿಮಗ ಹನ್ನೊಂದು ವರ್ಷ ಆಗಲಿಲ್ಲ. ನೀವು ಕಳಸಲಿಲ್ಲ ಅಂತ ಅಕಿನೇ ದಾಟಿ ಬಂದಾಳ. ಅಕಿ ನಮ್ಮಲ್ಲಿ ಹುಟ್ಟಿದಕಿ ಅಲ್ಲ. ಗಂಡನ ಮನಿಗೆ ಬಂದಕಿ."

ಭಟ್ಟರ ಮುಖ ಅರಳಿತು. "ಇದು ಶುದ್ಧ ಐತಿ ನೋಡ್ರಿ. ಅಡಚಣಿನೇ ಇಲ್ಲ."

ಜ್ಞಾನದೇವ ಮಾತ್ರ ಕಲ್ಲಿನ ಮೇಲೆ ಕೂತ. "ಹಂಗಾರ ಭಟ್ಟರ, ಹನ್ನೊಂದು ವರ್ಷದ ಪುಣ್ಯ?"

ಕೇಳಿದ ಮೇಲೆ ಉತ್ತರ ಅವನಿಗೇ ಹೊಳೆಯಿತು. ಟಿಕೆಟ್ ಹರಿದು ಕೈಗೆ ಕೊಟ್ಟು, ಬಸ್ಸು ಹತ್ತಿಸದೆ ನಿಲ್ಲಿಸಿಕೊಂಡ ಹಾಗಾಯಿತು. ದಾನ ಎಂದರೆ ಕೊಡುವುದು. ಅವನು ಒಮ್ಮೆಯೂ ಕೊಟ್ಟಿರಲಿಲ್ಲ.

"ಕೊಡದ ಪುಣ್ಯಾ ಹೆಂಗ ಬರ್ತೈತಿ?" ಎಂದಳು ಅಕ್ಕವ್ವ, ಆದರೆ ಈಗ ದನಿ ಮೆತ್ತಗಾಗಿತ್ತು. "ಇವತ್ತು ಹುಡುಗಿ ತವರಿಗೆ ಬರ್ತಾಳ. ದೀಪಾವಳಿಗೆ ಕರಕೊಂಡು ಹೋಗ್ಯಾರ ಅಂತ ತಿಳಕೊಂತೀವಿ. ನಾಳೆ ಧಾರಿ ಎರದು ಕಳಸ್ರಿ. ಮತ್ತ ಬಿಸಿನೀರು ಹಾಕಬ್ಯಾಡ್ರಿ."

ಮಣ್ಣು ಒಡೆಯದಂತೆ ಸಸಿಯನ್ನು ಹೊಸ ಕುಂಡಕ್ಕೆ ಹಾಕಿಕೊಟ್ಟದ್ದು ಅವಳೇ.

ದ್ವಾದಶಿಯ ಸಂಜೆ ಮದುವೆ ನಡೆಯಿತು. ವಧು ಗೇಣುದ್ದ, ವರ ಮೂರು ಬೆರಳು. ಜೋಡಿ ಮೊದಲ ಸಲ ಸರಿಹೊಂದಿತು ಎಂದು ಓಣಿಯ ಹೆಂಗಸರು ಅಂದರು. ಚಹಾಕ್ಕೆ ಶುಂಠಿ ಇತ್ತು. ವರನ ಟೋಪಿಯನ್ನು ಸುಂದ್ರವ್ವ ಹಿಡಿದು ಹೊಲಿದು ಚಿಕ್ಕದು ಮಾಡಿದ್ದಳು, ಅವನು ವಧುವನ್ನು ನೋಡಿಯೇ ಮದುವೆಯಾದ. ಧಾರೆಯ ನೀರು ತಣ್ಣಗಿದೆಯೋ ಎಂದು ಸುಂದ್ರವ್ವ ಎರಡು ಸಲ ಮುಟ್ಟಿ ನೋಡಿದಳು.

ಆಮೇಲೆ ಕಳಿಸುವ ಹೊತ್ತು ಬಂತು. ಜ್ಞಾನದೇವ ಕುಂಡವನ್ನು ಎದೆಗೆ ಒತ್ತಿಕೊಂಡು ಹೊಸ್ತಿಲಲ್ಲಿ ನಿಂತ. ಅಕ್ಕವ್ವ ಕೈ ಚಾಚಿದಳು. ಅವನು ಕೊಡಲಿಲ್ಲ. ಬಾಬಾಸಾಹೇಬ ಕೆಮ್ಮಿದ. ಕಬ್ಬು ತುಂಬಿದ ಒಂದು ಟ್ರ್ಯಾಕ್ಟರ್ ಓಣಿಯೊಳಗೆ ಬಂದು, ದಿಬ್ಬಣ ನೋಡಿ ನಿಂತು ಹಾರ್ನ್ ಒತ್ತಿತು.

"ಹೋಲ್ಡಾನ್!" ಎಂದು ಸುಂದ್ರವ್ವ ಟ್ರ್ಯಾಕ್ಟರಿನವನಿಗೆ ಕೂಗಿದಳು. "ಅಳೂದ ಮುಗೀಲಿ."

ಟ್ರ್ಯಾಕ್ಟರ್ ಎರಡು ನಿಮಿಷ ನಿಂತಿತು. ಜ್ಞಾನದೇವ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ. ಕುಂಡವನ್ನು ಅಕ್ಕವ್ವನ ಕೈಯಲ್ಲಿಟ್ಟ. ಮೂವತ್ತೊಂದು ವರ್ಷ ಬೇರೆಯವರ ಮಕ್ಕಳಿಗೆ ಹೇಳಿದ ಮಾತು ಹೊರಗೆ ಬಂತು.

"ರೈಟ್."

ಮಗಳು ಓಣಿ ದಾಟಿದಳು.

ಬರಿದಾದ ಕಟ್ಟೆಯಲ್ಲಿ ಸುಂದ್ರವ್ವ ಶಾಂತಿನಾಥನ ಅಂಗಡಿಯ ಇಪ್ಪತ್ತು ರೂಪಾಯಿಯ ತುಳಸಿ ತಂದು ನೆಟ್ಟಳು. ಕಟ್ಟೆಯ ಹತ್ತಿರ ಬಂಬದ ನೀರು ಒಯ್ಯಬಾರದೆಂದು ಗಂಡನಿಂದ ಆಣೆ ಮಾಡಿಸಿಕೊಂಡಳು. ಜ್ಞಾನದೇವನಿಗೆ ಬೇರೆಯೇ ತೊಂದರೆ ಶುರುವಾಯಿತು. ಮಗಳಿಗೆ ಮಕ್ಕಳಾಗುವ ತನಕ ಅಪ್ಪ ಅವಳ ಗಂಡನ ಮನೆಯಲ್ಲಿ ನೀರು ಸಹ ಕುಡಿಯಬಾರದೆಂದು ಹಿರಿಯರ ಮಾತು. ಅವನು ದಿನಾ ಬೆಳಿಗ್ಗೆ ಹೋಗುತ್ತಿದ್ದ, ಮಗಳನ್ನು ನೋಡುತ್ತಿದ್ದ, ಚಹಾ ಮುಂದೆ ಬಂದರೆ ಕೈ ಮುಗಿದು ಎದ್ದು ಬರುತ್ತಿದ್ದ. "ಹಟ ನೋಡು ಇವಂದು," ಎಂದು ಬಾಬಾಸಾಹೇಬ ಒಬ್ಬನೇ ಕುಡಿಯುತ್ತಿದ್ದ. ಹೀಗೆ ಎರಡು ತಿಂಗಳು ಕಳೆಯಿತು.

ಸಂಕ್ರಾಂತಿ ಕಳೆದು ನಾಲ್ಕನೆಯ ದಿನ ಬೆಳಿಗ್ಗೆ ಹೋದಾಗ ಸಸಿಯ ತುದಿಯಲ್ಲಿ ಬೆರಳಿನಷ್ಟು ಎಳೆಯ ತೆನೆ ಬಿಟ್ಟಿತ್ತು. ಜ್ಞಾನದೇವ ಮೂರು ಸಲ ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡ. ಅಂಗಳದಲ್ಲಿ ಕಾಲು ಚಾಚಿ ಕೂತ.

"ವೈನಿ, ಚಾ ಇಡ್ರಿ. ಅಜ್ಜ ಆದೆ."

ಕುಡಿದು ಮನೆಗೆ ಬಂದವನ ಮುಖ ನೋಡಿ ಸುಂದ್ರವ್ವ, "ಏನಾತ್ರಿ?" ಎಂದಳು.

"ಏನಿಲ್ಲ. ಬೀಗರು ಚಾಕ್ಕ ಶುಂಠಿ ಹಾಕಿರಲಿಲ್ಲ," ಎಂದ ಜ್ಞಾನದೇವ, ಭಾರಿ ಗಂಭೀರವಾಗಿ.